ಸೂಜಿ ತುದಿ, ಮೂಗಿನ ತುದಿ

ನನ್ನ ಓರಗಿತ್ತಿಗೆ ನಮ್ಮ ಬೀದಿಯಲ್ಲಿ ಹೆಸರಕ್ಕ ಎಂದೇ ಹೆಸರು. ಅವಳು ಬಟ್ಟೆ ಹೊಲಿಯುವುದಿಲ್ಲ, ಬಟ್ಟೆಯ ಮೇಲೆ ಹೆಸರು ಹೊಲಿಯುತ್ತಾಳೆ. ಶಾಲೆಯ ಮಕ್ಕಳ ಸ್ವೆಟರ್, ಹೋಟೆಲಿನ ದಿಂಬಿನ ಗವಸು, ಈಜುಕೊಳದ ಟವೆಲ್, ಆಸ್ಪತ್ರೆಯ ಬಿಳಿ ಕೋಟು, ಏನೇ ತಂದುಕೊಡಿ, ನೂಲಿನಲ್ಲಿ ಹೆಸರು ಕೂರಿಸಿ ಮಡಚಿ ಕೊಡುತ್ತಾಳೆ. ನಮ್ಮ ಮುಂದಿನ ಕೋಣೆಯ ಅರ್ಧವನ್ನು ಅವಳ ಕಸೂತಿ ಯಂತ್ರ ನುಂಗಿದೆ. ಉಳಿದ ಅರ್ಧ, ಕಿಟಕಿಯ ಕಡೆಯದು, ನನ್ನದು. ನಾನು ಒಂದು ಪ್ರಕಾಶನದವರಿಗೆ ಪುಸ್ತಕಗಳ ಪುಟ ಜೋಡಿಸಿಕೊಡುತ್ತೇನೆ. ಅವಳ ಗಂಡ ನನ್ನ ಗಂಡನ ಅಣ್ಣ. ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಹಗಲಿಡೀ ಮನೆಯಲ್ಲಿ ನಾವಿಬ್ಬರು, ಆ ಯಂತ್ರದ ಕಟಕಟ, ಮಾವ ಮನೆಯಲ್ಲಿದ್ದ ಹೊತ್ತು ಹಿತ್ತಿಲ ಕಡೆಯಿಂದ ಅವರ ಕೆಮ್ಮು.

ಅಕ್ಕ ಎಂಥವಳೆಂದರೆ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಸೂತಿ ಅಕ್ಷರಗಳನ್ನು ಕಂಡರೆ ಅವಳಿಗೆ ಆಗುವುದಿಲ್ಲ. "ಊದಿಕೊಂಡ ಮುಖದವು" ಎನ್ನುತ್ತಾಳೆ. ಒಂದೊಂದು ಅಕ್ಷರವನ್ನೂ ತಾನೇ ಬರೆದಿದ್ದಾಳೆ. ಸೂಜಿ ಎಲ್ಲಿ ಇಳಿಯಬೇಕು, ಯಾವ ಕಡೆಗೆ ತಿರುಗಬೇಕು, ಎಲ್ಲಿ ಹೊಲಿಗೆ ಒತ್ತಾಗಬೇಕು ಎಂದು ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಇಟ್ಟು, ಹಳೆಯ ಹಾಸಿಗೆ ಬಟ್ಟೆಯ ಮೇಲೆ ಹೊಲಿದು ನೋಡಿ, ಸರಿಬರದಿದ್ದರೆ ಮತ್ತೆ ಇಟ್ಟು, ಹೀಗೆ ವರ್ಷಗಟ್ಟಲೆ ಕೂಡಿಸಿದ ಅಕ್ಷರಗಳು. ಒಮ್ಮೆ ಬೇರೆಯಾಗಲು ಹೊರಟ ಗಂಡ ಹೆಂಡತಿ ಇಬ್ಬರು, ಟವೆಲ್‌ಗಳ ಮೇಲಿನ ಜೋಡಿ ಹೆಸರಲ್ಲಿ ಒಂದನ್ನು ಬಿಚ್ಚಿಕೊಡಿ ಎಂದು ತಂದರು. ಅಕ್ಕ ಅದನ್ನು ತೆಗೆದಿಟ್ಟು, ಇವತ್ತು ನಾಳೆ ಎಂದು ಸತಾಯಿಸಿದಳು. ಅಷ್ಟರೊಳಗೆ ಅವರ ಮನಸ್ಸು ತಿರುಗಲಿ ಎಂದು. ತಿರುಗಲಿಲ್ಲ. ಕೊನೆಗೆ ಬಿಚ್ಚಿಕೊಟ್ಟಳು, ಆದರೆ ಒಂದು ವಾರ ಮನೆಯವರೊಂದಿಗೆಲ್ಲ ಮುನಿಸಿಕೊಂಡಂತಿದ್ದಳು. ಬೇರೆಯಾಗುವುದು ಎಂದರೆ ಅವಳಿಗೆ ಅಷ್ಟು ಸಂಕಟ.

ಆ ಅಕ್ಷರಗಳ ಪ್ರೋಗ್ರಾಮು ಹಳೆಯ ಕಾಲದ ವಿಂಡೋಸ್ ಬಿಟ್ಟರೆ ಬೇರೆ ಎಲ್ಲೂ ಓಡುವುದಿಲ್ಲ. ಯಂತ್ರ ಮಾಡಿದವರು ಹೊಸದು ಮಾಡಲೇ ಇಲ್ಲ. ಹಾಗಾಗಿ ಅಕ್ಕ ಒಂದು ಮುದಿ ಕಂಪ್ಯೂಟರನ್ನು ಮಗುವಿನಂತೆ ಸಾಕಿಕೊಂಡಿದ್ದಳು. ಒಂದು ಬೆಳಗ್ಗೆ ಅದು ಟಪ್ ಎಂದಿತು, ಸುಟ್ಟ ವಾಸನೆ ಬಂತು, ಅಲ್ಲಿಗೆ ಮುಗಿಯಿತು. ಮೂಲೆಯ ರಿಪೇರಿ ಅಂಗಡಿಯವನು ಬಂದು ನೋಡಿದ. ಅವನಿಗೆ ನಾವಿಟ್ಟ ಹೆಸರು ಎಸೆಯಣ್ಣ. ಏನು ತೋರಿಸಿದರೂ "ಎಸೀರಿ ಅತ್ಲಾಗೆ" ಎನ್ನುವುದೇ ಅವನ ಮೊದಲ ಮಾತು. ಅಂದೂ ಅದನ್ನೇ ಅಂದ. ಆಮೇಲೆ ಒಳಗಿನ ಡಿಸ್ಕು ಬಿಚ್ಚಿ, ಅಕ್ಷರಗಳನ್ನೆಲ್ಲ ಒಂದು ಪೆನ್ ಡ್ರೈವಿಗೆ ಉಳಿಸಿಕೊಟ್ಟ. ಅಕ್ಷರಗಳೇನೋ ಉಳಿದವು, ಆದರೆ ಅವನ್ನು ತೆರೆಯಲು ಕಂಪ್ಯೂಟರ್ ಇಲ್ಲ. ಆಸ್ಪತ್ರೆಯ ಹೊಸ ವಿಭಾಗದವರ ಕೋಟುಗಳು ಮಂಚದ ಮೇಲೆ ಬೆಳ್ಳಗೆ ಗುಡ್ಡೆಯಾಗಿ ಕೂತಿದ್ದವು.

ಅಕ್ಕ ಆ ಗುಡ್ಡೆ ನೋಡಿದಳು, ಕಿಟಕಿಯ ಕಡೆಗಿದ್ದ ನನ್ನ ಕಂಪ್ಯೂಟರ್ ನೋಡಿದಳು. ಅದು ನಡುವಯಸ್ಸಿನದು, ಪ್ರಕಾಶನದವರು ವಿಂಡೋಸಿನ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿಸಿ ಕೊಟ್ಟದ್ದು. ನಾನು ಆಗ ಒಂದು ದಪ್ಪ ಭೂಗೋಳದ ಪುಸ್ತಕದ ನಡುವಿನಲ್ಲಿದ್ದೆ.

"ಇದ್ರಲ್ಲಿ ನಂಗೂ ಒಂಚೂರು ಜಾಗ ಕೊಡ್ತೀಯೇನೇ?" ಎಂದಳು.

"ಒಂದೇ ಕಂಪ್ಯೂಟರಲ್ಲಿ ಎರಡು ಹೇಗೆ ಇರತ್ತೆ ಅಕ್ಕ?"

"ಒಂದೇ ಮನೇಲಿ ನಾವಿಬ್ರೂ ಇಲ್ವಾ?"

ಆಯಿತು ಎಂದೆ.

ಮುಂದಿನ ದಿನಗಳಲ್ಲಿ ಅಕ್ಕ ಫೋನನ್ನು ನೂಲಿನ ಉರುಳೆಗಳಿಗೆ ಒರಗಿಸಿಟ್ಟುಕೊಂಡು, ಯಾವ್ಯಾವುದೋ ಊರಿನವರು ಇಂಟರ್‌ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಬರೆದ ಸಲಹೆಗಳನ್ನೆಲ್ಲ ಓದಿದಳು. ಕಂಪ್ಯೂಟರಿನ ಭಾಷೆ ಅವಳಿಗೆ ಬಾರದು, ಬರಬೇಕೆಂಬ ಆಸೆಯೂ ಇಲ್ಲ. ಎಲ್ಲದಕ್ಕೂ ಮನೆಯ ಮಾತನ್ನೇ ಇಟ್ಟುಕೊಂಡಳು. ಕಂಪ್ಯೂಟರಿಗೆ ಜೀವ ಬಂದ ತಕ್ಷಣ ಮೊದಲು ಏಳುವ ಸಣ್ಣದೊಂದು ಪ್ರೋಗ್ರಾಮು ಇರುತ್ತದಂತೆ, ಬೂಟ್‌ಲೋಡರ್ ಎಂದು. ಒಳಗೆ ಎಷ್ಟು ವ್ಯವಸ್ಥೆಗಳಿವೆಯೋ ಅಷ್ಟರ ಹೆಸರು ತೋರಿಸಿ, ಯಾವುದು ಬೇಕು ಎಂದು ಕೇಳಿ, ಅದನ್ನು ಎಬ್ಬಿಸುವುದಂತೆ. ಅಕ್ಕ ಅದನ್ನು 'ಬಾಗಿಲು ಕಾಯೋನು' ಎಂದಳು. ಡಿಸ್ಕಿನ ಜಾಗವನ್ನು ಹಳೆಯ ವಿಂಡೋಸಿಗಿಷ್ಟು, ಲಿನಕ್ಸಿಗಿಷ್ಟು ಎಂದು ಮೊದಲೇ ಭಾಗ ಮಾಡಬೇಕಲ್ಲ, ಅದನ್ನು 'ಪಾಲು' ಎಂದಳು. ತೊಂದರೆ ಶುರುವಾದದ್ದು ಆ ಮಾತಿನಿಂದ.

ಮಾವನ ಬಗ್ಗೆ ಎರಡು ಮಾತು ಹೇಳಬೇಕು. ಮಾವ ಬಡಗಿ. ಬಾಗಿಲು ಕಿಟಕಿ ಮಾಡುವುದರಲ್ಲಿ ಎತ್ತಿದ ಕೈ. ಬೀದಿಯ ಕೊನೆಯಲ್ಲಿ ಅವರ ಕಾರ್ಖಾನೆ ಇದೆ. ಮೊದಲು ಅವರದೂ ಅವರ ಅಣ್ಣನದೂ ಸೇರಿ ಒಂದೇ ದೊಡ್ಡ ಕಾರ್ಖಾನೆಯಾಗಿತ್ತು. ಯಾವುದೋ ಸಣ್ಣ ಮಾತಿಗೆ ಜಗಳವಾಗಿ, ಪಾಲಾಗಿ, ನಡುವೆ ಹಲಗೆಯ ಗೋಡೆ ಬಂತು. ನಾನು ಈ ಮನೆಗೆ ಬರುವಷ್ಟರಲ್ಲಿ ಆ ಗೋಡೆ ಕಪ್ಪಾಗಿತ್ತು. ಈ ಕಡೆ ಮಾವ ಉಜ್ಜುಗೊರಡು ತಳ್ಳುತ್ತಾರೆ, ಆ ಕಡೆ ದೊಡ್ಡಮಾವ ತಳ್ಳುತ್ತಾರೆ. ಒಬ್ಬರ ಕೆಲಸದ ಸದ್ದು ಇನ್ನೊಬ್ಬರಿಗೆ ಕೇಳುತ್ತದೆ. ಮಾತಿಲ್ಲ, ಕತೆಯಿಲ್ಲ. ಪಾಲು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮಾವ ಊಟದ ತಟ್ಟೆ ಬಿಟ್ಟು ಏಳುತ್ತಾರೆ.

ಅಂಥವರು ಒಂದು ಮಧ್ಯಾಹ್ನ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸ್ಟೂಲಿನ ಕಾಲು ಸರಿಮಾಡುತ್ತಿದ್ದರು. ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ, ಅಕ್ಕ ಒರೆಸಿಡುತ್ತಿದ್ದಳು.

"ಪಾಲು ಮಾಡದೆ ವಿಧಿ ಇಲ್ಲ ಕಣೇ," ಎಂದಳು ಅಕ್ಕ. "ಎಷ್ಟು ಯೋಚನೆ ಮಾಡಿದ್ರೂ ಅಲ್ಲಿಗೇ ಬರತ್ತೆ."

"ಮಾಡು ಮತ್ತೆ. ಆದ್ರೆ ದೊಡ್ಡ ಭಾಗ ನಂದು. ಜಾಗ ಜಾಸ್ತಿ ಬೇಕಾಗಿರೋದು ನಂಗೇ."

"ದೊಡ್ಡದು ನೀನೇ ಇಟ್ಕೊ ಮಾರಾಯ್ತಿ. ಹಳೇದಕ್ಕೆ ಒಂದು ಮೂಲೆ ಸಾಕು, ಅದಕ್ಕಿನ್ನೇನು ಆಸೆ ಇದೆ! ಆದ್ರೆ ಒಂದ್ಸಲ ಗೆರೆ ಎಳೆದ್ಮೇಲೆ ಅವರವರ ಜಾಗದಲ್ಲಿ ಅವರವರು."

ಮಾವ ಕೇಳಿಸಿಕೊಂಡದ್ದು ಇಷ್ಟು. ಕಂಪ್ಯೂಟರ್ ಎಂಬ ಶಬ್ದ ನಮ್ಮಿಬ್ಬರ ಬಾಯಲ್ಲೂ ಬರಲಿಲ್ಲ. ದೊಡ್ಡ ಸೊಸೆ ಪಾಲು ಕೇಳುತ್ತಿದ್ದಾಳೆ, ಚಿಕ್ಕ ಸೊಸೆ ದೊಡ್ಡ ಭಾಗ ಕೇಳುತ್ತಿದ್ದಾಳೆ, 'ಹಳೇದು' ಎಂದರೆ ತಾನು, ತನಗೆ ಒಂದು ಮೂಲೆ ಎಂದು ಅವರು ಅರ್ಥ ಮಾಡಿಕೊಂಡರು. ಮಾರನೆಯ ದಿನದಿಂದ ಅಳತೆಪಟ್ಟಿ ಹಿಡಿದು ಮುಂದಿನ ಕೋಣೆಯನ್ನು ಅಡ್ಡಕ್ಕೂ ಉದ್ದಕ್ಕೂ ಅಳೆಯತೊಡಗಿದರು. ನಾವು ಮಂಕುದಿಣ್ಣೆಗಳು, ನೂಲಿಡಲು ಶೆಲ್ಫು ಮಾಡಿಕೊಡುತ್ತಾರೇನೋ ಎಂದು ಖುಷಿಪಟ್ಟೆವು.

ಕೆಲಸಕ್ಕೆ ಕೂತ ದಿನ ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡಳು, ಮನೆ ಧೂಳು ಹೊಡೆಯುವವಳ ಹಾಗೆ. "ಮೊದ್ಲು ನಿನ್ನ ಪುಟಗಳ ನಕಲು ತೆಗ್ದಿಟ್ಕೊ" ಎಂದಳು. ನಾನು ಆಯ್ತು ಆಯ್ತು ಎಂದು ಅರ್ಧ ತೆಗೆದೆ. ಉಳಿದರ್ಧಕ್ಕೆ ಬೇಸರ ಬಂತು. ಅಕ್ಕ ಲಿನಕ್ಸಿನ ಜಾಗವನ್ನು ಸ್ವಲ್ಪ ಸ್ವಲ್ಪವೇ ಒತ್ತಿ ಸಣ್ಣದು ಮಾಡಿದಳು. ಅದು ಮುಗಿಯುವವರೆಗೆ ಕರೆಂಟು ಹೋಗಬಾರದೆಂದು ಮನೆಯ ಫ್ಯಾನು, ದೀಪ ಎಲ್ಲ ಆರಿಸಿ ನನ್ನನ್ನು ಸೆಕೆಯಲ್ಲಿ ಕೂರಿಸಿದಳು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ತೆರವಾದ ಮೂಲೆಯಲ್ಲಿ ಹಳೆಯ ವಿಂಡೋಸ್ ಹಾಕಿದಳು, ಅದರೊಳಗೆ ತನ್ನ ಪ್ರೋಗ್ರಾಮು ಹಾಕಿದಳು, ಯಂತ್ರದ ತಂತಿ ಸಿಕ್ಕಿಸಿದಳು. ಯಂತ್ರ ಒಮ್ಮೆ ಮೈಮುರಿದು ಕಟಕಟ ಎಂದಿತು. ಯಾರೋ ನರ್ಸಮ್ಮನ ಹೆಸರಿನ ಮೊದಲ ಅಕ್ಷರ ನೀಲಿ ನೂಲಿನಲ್ಲಿ ಮೂಡಿತು. ಅಕ್ಕ ನನ್ನ ಕೆನ್ನೆ ಹಿಂಡಿದಳು, ನಾನೂ ಅವಳ ಕೆನ್ನೆ ಹಿಂಡಿದೆ.

ಆಮೇಲೆ ನನ್ನ ಸರದಿ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಬಾಗಿಲು ಕಾಯುವವನು ಕಾಣಲಿಲ್ಲ. ಯಾವುದು ಬೇಕು ಎಂದು ಯಾರೂ ಕೇಳಲಿಲ್ಲ. ನೆಟ್ಟಗೆ ಹಳೆಯ ವಿಂಡೋಸೇ ಬಂದು ಕೂತಿತು. ಮತ್ತೆ ಆರಿಸಿದೆ, ಮತ್ತೆ ಹಚ್ಚಿದೆ. ಅದೇ. ಒಳಗೆ ಹೋಗಿ ಹುಡುಕಿದರೆ ಲಿನಕ್ಸೂ ಇಲ್ಲ, ನನ್ನ ಭೂಗೋಳವೂ ಇಲ್ಲ, ನದಿ ಬೆಟ್ಟ ಸಮುದ್ರ ಒಂದೂ ಇಲ್ಲ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಈ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ. ಅಂದು ಅದು ಮೂಗು ಬಿಟ್ಟು ಬೀದಿಯವರೆಗೂ ಹೋಯಿತು. "ಜಾಗ ಕೊಟ್ಟಿದ್ದಕ್ಕೆ ಇಡೀ ಮನೇನೇ ನುಂಗಿದೆಯಲ್ಲ ನಿನ್ನ ಹಳೇದು!" ಎಂದು ಕೂಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಕೊನೆಗೆ ಅಂದದ್ದು ಇದು: "ಸಾಕಾಯ್ತು ನಂಗೆ. ನಾವು ಬೇರೆ ಹೋಗ್ತೀವಿ. ಬೇರೆ ಮನೆ, ಬೇರೆ ಬಾಗಿಲು, ಎಲ್ಲ ಬೇರೆ!" ಆ ಹೊತ್ತಿಗೆ ನಾನು ಅದನ್ನು ನಿಜವಾಗಿಯೇ ಹೇಳಿದೆ.

ಅಕ್ಕನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಮಾವ ನಿಂತಿದ್ದರು, ಅಳತೆಪಟ್ಟಿ ಕೈಯಲ್ಲೇ ಇತ್ತು.

"ಗೋಡೆ ಎಲ್ಲಿ ಬರ್ಬೇಕು ಅಂತ ಇಬ್ರೂ ಸೇರಿ ಹೇಳಿ," ಎಂದರು. ಧ್ವನಿ ಏರಿಸಲಿಲ್ಲ. "ನಾನೇ ಹೊಡೀತೀನಿ ಹಲಗೆ. ಹೊರಗಿನೋರ ಕೈಲಿ ಮಾಡಿಸ್ಬೇಡಿ. ಅಳತೆ ತಗೊಂಡಿದೀನಿ. ಅವತ್ತು ಅಡುಗೆಮನೇಲಿ ನೀವು ಮಾತಾಡಿದ್ದು ಕೇಳಿಸ್ತು."

ನಮಗೆ ಆಗ ಗೊತ್ತಾಯಿತು. ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಈಗ ನಗುವ ಹಾಗಿರಲಿಲ್ಲ. ಅದು ಕಂಪ್ಯೂಟರಿನ ಪಾಲು ಮಾವ, ಮನೆಯದ್ದಲ್ಲ ಎಂದು ಅಕ್ಕ ಹೇಳಿದಳು. ಮಾವ ನನ್ನ ಕಡೆ ನೋಡಿದರು. "ಇವಳು ಈಗ ಕೂಗಿದ್ದು ಕಂಪ್ಯೂಟರ್ ಬಗ್ಗೆ ಅಲ್ವಲ್ಲಮ್ಮ" ಎಂದರು. ನಾನು ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡಿದೆ. ಅಂದಿನ ಊಟ ಯಾರಿಗೂ ಸೇರಲಿಲ್ಲ. ನನ್ನ ಗಂಡ ಏನಾಯಿತು ಎಂದು ಕೇಳಿದರು, ನಾನು ಭೂಗೋಳ ಹೋಯಿತು ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ಬೆಳಗ್ಗೆ ಎದ್ದವಳೇ ಅಕ್ಕ ಎಸೆಯಣ್ಣನ ಅಂಗಡಿ ತೆಗೆಯುವುದನ್ನೇ ಕಾದು ಹೋದಳು. ಅಲ್ಲಿ ನಡೆದದ್ದನ್ನು ಮನೆಗೆ ಬಂದ ಕೂಡಲೇ ನನಗೂ ಮಾವನಿಗೂ ಅವಳೇ ನಟಿಸಿ ತೋರಿಸಿದಳು. ಎಲ್ಲ ಕೇಳಿದ ಮೇಲೆ ಎಸೆಯಣ್ಣ ತಲೆ ಚಚ್ಚಿಕೊಂಡನಂತೆ.

"ಹಳೇದನ್ನ ಮೊದ್ಲು ಹಾಕ್ಬೇಕಿತ್ತು ಅಕ್ಕ, ಹೊಸದನ್ನ ಆಮೇಲೆ. ಹೊಸದು ಬರುವಾಗ ಒಳಗೆ ಯಾರಿದಾರೆ ಅಂತ ನೋಡ್ಕೊಂಡು ಬರತ್ತೆ. ಹಳೇದು ಹಾಗಲ್ಲ. ಬಾಗಿಲಲ್ಲಿದ್ದೋನನ್ನ ಆಚೆ ತಳ್ಳಿ ತನ್ನ ಹೆಸರೊಂದೇ ಬರ್ಕೊಳತ್ತೆ. ಪಕ್ಕದಲ್ಲಿ ಇನ್ನೊಬ್ರಿದಾರೆ ಅಂತ ಅದಕ್ಕೆ ಕಾಣ್ಸೋದೇ ಇಲ್ಲ."

"ಹಾಗಾದ್ರೆ ಅವಳ ಪುಟ?" ಎಂದು ಅಕ್ಕ ಕೇಳಿದಳಂತೆ.

"ಎಲ್ಲೂ ಹೋಗಿಲ್ಲ. ಇದ್ದಲ್ಲೇ ಇದೆ. ಹೋಗಿರೋದು ಬಾಗಿಲು ಮಾತ್ರ."

ಅವನೇ ಒಂದು ಪೆನ್ ಡ್ರೈವಿನಲ್ಲಿ ಲಿನಕ್ಸ್ ಹಾಕಿಕೊಟ್ಟು, ಏನೇನು ಮಾಡಬೇಕೆಂದು ಹೇಳಿಕೊಟ್ಟ. ಆ ಪೂರ್ತಿ ಮಾತುಕತೆಯಲ್ಲಿ ಒಂದು ಸಲವೂ ಎಸೀರಿ ಅನ್ನಲಿಲ್ಲವಂತೆ. ಅಕ್ಕನಿಗೆ ಅದೇ ದೊಡ್ಡ ಶುಭಸೂಚನೆ.

ಅಷ್ಟು ಹೇಳಿ ಅಕ್ಕ ಕಂಪ್ಯೂಟರಿನ ಮುಂದೆ ಕೂತಳು. ನಾನು ಕೋಪ ಪೂರ್ತಿ ಇಳಿಯದವಳಂತೆ ದೂರ ನಿಂತೆ. ದೂರ ನಿಂತರೂ ಪರದೆ ಚೆನ್ನಾಗಿ ಕಾಣುವ ಜಾಗವನ್ನೇ ನೋಡಿಕೊಂಡು ನಿಂತೆ. ಮಾವ ಕಾರ್ಖಾನೆಗೆ ಹೊರಟವರು ಹೋಗದೆ, ಮಂಚದ ಮೇಲಿನ ಕೋಟುಗಳನ್ನು ಸರಿಸಿ ಕೂತರು. ಮನೆ ಒಂದಾಗಿ ಉಳಿಯುತ್ತದೋ ಎರಡಾಗುತ್ತದೋ ಎಂಬುದು ಆ ಪೆಟ್ಟಿಗೆಯೊಳಗೇ ತೀರ್ಮಾನವಾಗುತ್ತದೆ ಎನ್ನುವ ಹಾಗೆ ಅದನ್ನೇ ನೋಡುತ್ತಿದ್ದರು.

ಅಕ್ಕ ಪೆನ್ ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿದಳು. ಫೋನು ನೋಡಿಕೊಂಡು, ಸೂಜಿಗೆ ನೂಲು ಪೋಣಿಸುವವಳ ಹಾಗೆ ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಒತ್ತಿದಳು. "ಬಾಗಿಲು ಕಾಯೋನೇ, ವಾಪಸ್ ಬಂದು ಕೂತ್ಕೊಳಪ್ಪ" ಎಂದಳು. ಇನ್ನೊಂದು ಸಾಲು ಒತ್ತಿದಳು. "ಮನೇಲಿ ಯಾರ್ಯಾರಿದಾರೆ ಒಂದ್ಸಲ ನೋಡ್ಕೊ" ಎಂದಳು. ಪರದೆಯ ಮೇಲೆ ಸಾಲುಗಳು ಮೇಲೇರಿದವು. ಲಿನಕ್ಸ್ ಸಿಕ್ಕಿತು ಎಂದಿತು. ವಿಂಡೋಸ್ ಸಿಕ್ಕಿತು ಎಂದಿತು. ನಾನು ಯಾವಾಗ ಹತ್ತಿರ ಬಂದೆನೋ ಗೊತ್ತಿಲ್ಲ, ನನ್ನ ಕೈ ಅಕ್ಕನ ಹೆಗಲ ಮೇಲಿತ್ತು.

ಪೆನ್ ಡ್ರೈವ್ ತೆಗೆದು ಮತ್ತೆ ಹಚ್ಚಿದಾಗ ಕಪ್ಪು ಪರದೆಯ ಮೇಲೆ ಎರಡು ಸಾಲು ಒಂದರ ಕೆಳಗೊಂದು ಬಂದು ನಿಂತವು. ಲಿನಕ್ಸಿನ ಸಾಲು ಒತ್ತಿದೆವು. ನನ್ನ ಭೂಗೋಳ ಇತ್ತು! ನದಿಗಳು ಹರಿಯುತ್ತಲೇ ಇದ್ದವು, ಒಂದು ಅಲ್ಪವಿರಾಮವೂ ಅಲುಗಿರಲಿಲ್ಲ. ನಾನು ಅಕ್ಕನನ್ನು ಹಿಂದಿನಿಂದ ಅಪ್ಪಿಕೊಂಡೆ. ನನಗೆ ಅಳು ಬಂತು.

"ಬೇರೆ ಹೋಗ್ತೀಯಾ?" ಎಂದಳು ಅಕ್ಕ, ತಿರುಗಿ ನೋಡದೆ.

"ಬಾಗಿಲು ಇಲ್ಲೇ ಸಿಕ್ತಲ್ಲ" ಎಂದೆ.

ಅಕ್ಕನಿಗೆ ಮಾತ್ರ ಆ ಎರಡು ಸಾಲುಗಳಲ್ಲಿದ್ದ ಉದ್ದುದ್ದ ಹೆಸರು, ಅಂಕಿ, ಆವರಣ ಸೇರಲಿಲ್ಲ. "ಥೂ, ಹೆಸರಾ ಇದು!" ಎಂದು ಮತ್ತೆ ಕೂತಳು. ಬಾಗಿಲು ಕಾಯುವವನಿಗೆ ನಮ್ಮ ಅಕ್ಷರ ಬರೆದರೆ ಬರೀ ಚೌಕಗಳು ಬಂದವು, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಮಾತು ಬರೆದಳು. ಮತ್ತೆ ಹಚ್ಚಿದಾಗ ಹಳೆಯ ವಿಂಡೋಸಿನ ಸಾಲಿನಲ್ಲಿ 'ಸೂಜಿ ತುದಿ' ಎಂದಿತ್ತು. ನನ್ನ ಸಾಲಿನಲ್ಲಿ 'ಮೂಗಿನ ತುದಿ' ಎಂದಿತ್ತು. ಮಾವ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿ, ಎಷ್ಟೋ ದಿನಗಳ ಮೇಲೆ ಕೆಮ್ಮು ಬರುವಷ್ಟು ನಕ್ಕರು.

ಸಾಲುಗಳ ಕೆಳಗೆ ಅಂಕಿಯೊಂದು ಇಳಿಯುತ್ತಿತ್ತು: ಹತ್ತು, ಒಂಬತ್ತು, ಎಂಟು.

"ಅದೇನು ಎಣಿಸ್ತಿದೆ?" ಎಂದರು ಮಾವ.

"ನಾವು ಏನೂ ಹೇಳದೆ ಸುಮ್ನೆ ಇದ್ರೆ ಹತ್ತು ಎಣಿಸತ್ತೆ ಮಾವ. ಆಮೇಲೆ ಕಾಯಲ್ಲ. ಹಿಂದಿನ ಸಲ ಯಾರು ಕೂತಿದ್ರೋ ಅವರ ಬಾಗಿಲು ತಾನೇ ತೆಗೆಯತ್ತೆ. ಹಾಗೆ ಹೇಳಿಟ್ಟಿದೀನಿ. ಯಾರು ಮೊದ್ಲು ಅನ್ನೋ ಜಗಳ ಬೇಡ ಅಂತ."

"ಹತ್ತೇನಾ?"

"ಹತ್ತೇ."

ಮಾವ ಕಿಟಕಿಯಿಂದ ಬೀದಿಯ ಕೊನೆಯ ಕಡೆ ನೋಡಿದರು. "ನಾನೂ ಅಣ್ಣನೂ ಇನ್ನೂ ಎಣಿಸ್ತಾನೇ ಇದೀವಲ್ಲ" ಎಂದರು. ನಮಗೆ ಹೇಳಿದ್ದಲ್ಲ ಅದು. ಆಮೇಲೆ ಕೇಳಿದರು, "ಹಳೇದಕ್ಕೆ ಪಕ್ಕದೋರು ಕಾಣ್ಸೋದೇ ಇಲ್ಲ ಅಂದ್ಯಲ್ಲಮ್ಮ. ಆದ್ರೂ ಪಕ್ಕದೋರು ಇದ್ದೇ ಇರ್ತಾರಾ?"

"ಇದ್ದೇ ಇರ್ತಾರೆ ಮಾವ. ಬಾಗಿಲು ಇರಲ್ಲ, ಅಷ್ಟೆ."

ಮಾವ ಎದ್ದರು. ಅಳತೆಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಕಾರ್ಖಾನೆಯ ಕಡೆ ಹೋದರು. ನಾನು ನನ್ನ ಭೂಗೋಳದ ಉಳಿದರ್ಧ ನಕಲು ತೆಗೆದಿಟ್ಟೆ. ಆಮೇಲೆ ಅಕ್ಕ ಸೂಜಿ ತುದಿಯ ಸಾಲು ಒತ್ತಿ ಕೋಟುಗಳನ್ನು ಹಿಡಿದಳು. ಯಂತ್ರದ ಕಟಕಟ ನನಗೆ ಯಾವತ್ತೂ ಅಷ್ಟು ಹಿತವಾಗಿ ಕೇಳಿರಲಿಲ್ಲ. ಹಾಗೆ ಹೇಳಲು ಹೋಗಲಿಲ್ಲ, ಹೇಳಿದರೆ ಅವಳು ತಲೆಯ ಮೇಲೆ ಕೂರುತ್ತಾಳೆ.

ಈಗ ನಾವು ಸರದಿಯ ಮೇಲೆ ಕೂರುತ್ತೇವೆ. ಬೆಳಗ್ಗೆ ನಾನು, ಊಟವಾದ ಮೇಲೆ ಅವಳು. ಅವಸರದ ಕೆಲಸ ಬಂದರೆ ಕಿತ್ತಾಡುತ್ತೇವೆ, ಅದೇನೂ ನಿಂತಿಲ್ಲ. ಅಕ್ಕ ಎಸೆಯಣ್ಣನ ಅಂಗಿಯ ಜೇಬಿನ ಮೇಲೆ ಅವನ ಹೆಸರನ್ನು ತನ್ನ ಅಕ್ಷರದಲ್ಲೇ ಹೊಲಿದುಕೊಟ್ಟಿದ್ದಾಳೆ. ಅವನು ಆ ಅಂಗಿ ಎಸೆಯುವುದಿಲ್ಲವಂತೆ.

ಆದರೆ ಆ ದಿನದ ಕತೆ ಅಲ್ಲಿಗೆ ಮುಗಿಯಲಿಲ್ಲ. ಮಧ್ಯಾಹ್ನವಾದರೂ ಮಾವ ಊಟಕ್ಕೆ ಬರಲಿಲ್ಲ. ಅಕ್ಕ ಒಂದು ಕೋಟು ಮುಗಿಸಿ, ಊಟದ ಡಬ್ಬಿ ಹಿಡಿದು ಕಾರ್ಖಾನೆಗೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಬಂದಾಗ ಅವಳ ತಲೆಯ ಮೇಲೆಲ್ಲ ಮರದ ಹೊಟ್ಟು, ಕಣ್ಣು ಕೆಂಪು.

"ಏನಾಯ್ತಕ್ಕ?" ಎಂದೆ ಗಾಬರಿಯಿಂದ.

"ಮಾವ ಗೋಡೆ ಕೊಯ್ದಿದಾರೆ ಕಣೇ. ಬಾಗಿಲಷ್ಟು ಅಗಲ. ಈ ಕಡೆ ಮಾವ ಗರಗಸ ಹಿಡ್ಕೊಂಡು ನಿಂತಿದಾರೆ, ಆ ಕಡೆ ದೊಡ್ಡಮಾವ. ನಾನು ಹೋದಾಗ ಇಬ್ರೂ ಸುಮ್ನೆ ಒಬ್ರನ್ನೊಬ್ರು ನೋಡ್ತಾ ಇದ್ರು."

"ಆಮೇಲೆ? ಮಾತಾಡಿದ್ರಾ?"

"ದೊಡ್ಡಮಾವನೇ ಮೊದ್ಲು ಮಾತಾಡಿದ್ದು. ಕೀಲು ನಿನ್ನ ಕಡೆ ಹಾಕು, ನನ್ನ ಕಡೆ ಹಾಕಿದ್ರೆ ಬಾಗಿಲು ನನ್ನ ಬೆಂಚಿಗೆ ಹೊಡೆಯತ್ತೆ ಅಂದ್ರು. ಮಾವ ಆಗಲ್ಲ ಅಂದ್ರು. ನಿಂಗೆ ಬಾಗಿಲ ಕೆಲಸ ಯಾವಾಗ ಬಂತು ಅಂದ್ರು ಅವರು. ನಿನ್ನ ಬೆಂಚನ್ನ ಸರಿಸ್ಕೊ ಅಂದ್ರು ಇವರು." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಇನ್ನೂ ಜಗಳ ಆಡ್ತಾನೇ ಇದಾರೆ ಕಣೇ" ಎಂದಳು.